ಸೆರೆಮನೆಯಲ್ಲೂ ಹಾಡಿದ ಫ್ಯಾನಿ ಲೂ ಹೇಮರ್

ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ನಿಮಗೆಲ್ಲ ಗೊತ್ತು. ಅಮೆರಿಕದ ಕಪ್ಪು ಜನರ ಅದೇ ಹೋರಾಟದಲ್ಲಿ ದುಡಿದ ಒಬ್ಬ ಹಳ್ಳಿಯ ತಾಯಿಯ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಫ್ಯಾನಿ ಲೂ ಹೇಮರ್ ಹುಟ್ಟಿದ್ದು 1917ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ಬಿಳಿಯರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ದಂಪತಿಗಳ 20 ಮಕ್ಕಳಲ್ಲಿ ಆಕೆಯೇ ಕೊನೆಯವರು. ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಹೋದರು. ತನಗೂ ಮತ ಹಾಕುವ ಹಕ್ಕಿದೆ ಎಂಬುದು ಆಕೆಗೆ ತಿಳಿದದ್ದು 44ನೆಯ ವಯಸ್ಸಿನಲ್ಲಿ, ದೇವಾಲಯದಲ್ಲಿ ನಡೆದ ಒಂದು ಸಭೆಯಲ್ಲಿ!

1962ರ ಆಗಸ್ಟ್ 31ರಂದು 18 ಮಂದಿ ಹಳೆಯ ಬಸ್ಸೊಂದರಲ್ಲಿ ಹೆಸರು ನೋಂದಾಯಿಸಲು ಹೊರಟರು. ಕಪ್ಪು ಜನರನ್ನು ದೂರವಿಡಲೆಂದೇ ಅಲ್ಲಿ ಕಠಿಣ ಪರೀಕ್ಷೆಯಿತ್ತು. ಫ್ಯಾನಿ ತೇರ್ಗಡೆಯಾಗಲಿಲ್ಲ. ಹಿಂದಿರುಗುವಾಗ ಪೊಲೀಸರು ಬಸ್ಸಿನ ಹಳದಿ ಬಣ್ಣ ಅತಿಯಾಯಿತೆಂದು ದಂಡ ಹಾಕಿದರು. (ನಗಬೇಡಿ, ಇದು ನಿಜ.) ಹೆದರಿ ಕುಳಿತಿದ್ದವರ ನಡುವೆ ಫ್ಯಾನಿ ಭಕ್ತಿಗೀತೆ ಹಾಡತೊಡಗಿದರು. ಅಂದು ಸಂಜೆಯೇ ಹೊಲದ ಧಣಿ, ಅರ್ಜಿ ಹಿಂದಕ್ಕೆ ಪಡೆ, ಇಲ್ಲವೇ ಮನೆ ಬಿಡು ಎಂದ. 18 ವರ್ಷ ದುಡಿದ ಜಾಗವನ್ನು ಆಕೆ ಆ ರಾತ್ರಿಯೇ ಬಿಟ್ಟರು. ಕೆಲವೇ ದಿನಗಳಲ್ಲಿ, ಆಕೆಗೆ ಆಶ್ರಯ ಕೊಟ್ಟಿದ್ದವರ ಮನೆಯತ್ತ 16 ಗುಂಡುಗಳು ಹಾರಿದವು. ಆದರೂ ಮತ್ತೆ ಪರೀಕ್ಷೆಗೆ ಕುಳಿತು 1963ರ ಜನವರಿಯಲ್ಲಿ ಗೆದ್ದರು.

ಅದೇ ಜೂನ್‌ನಲ್ಲಿ ವಿನೋನಾ ಪಟ್ಟಣದಲ್ಲಿ ಆಕೆಯನ್ನೂ ಸಂಗಡಿಗರನ್ನೂ ಬಂಧಿಸಿದರು. ಪೊಲೀಸರು ಇಬ್ಬರು ಕಪ್ಪು ಕೈದಿಗಳಿಂದಲೇ ಆಕೆಯನ್ನು ಹೊಡೆಸಿದರು. ಮೂತ್ರಪಿಂಡಕ್ಕೆ ಆದ ಹಾನಿ ಸಾಯುವವರೆಗೂ ವಾಸಿಯಾಗಲಿಲ್ಲ. ಆ ಸೆರೆಮನೆಯಲ್ಲೂ ಅವರು ಹಾಡಿದರು. ನೀರು ತಂದುಕೊಟ್ಟ ಜೈಲರನ ಹೆಂಡತಿಗೆ ಬೈಬಲ್ಲಿನ ವಾಕ್ಯಗಳನ್ನು ಓದಿ ನೋಡುವಂತೆ ಹೇಳಿದರು. ದೇವರು ಎಲ್ಲ ಜನಾಂಗಗಳನ್ನೂ ಒಬ್ಬನಿಂದಲೇ ಸೃಷ್ಟಿಸಿದರೆಂಬ ವಾಕ್ಯ ಅವುಗಳಲ್ಲೊಂದು. ಹೊಡೆಸಿದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ನಿರ್ದೋಷಿಗಳೆಂದು ಬಿಟ್ಟುಬಿಟ್ಟಿತು.

1964ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದಲ್ಲಿ ಆಕೆ ಇದೆಲ್ಲವನ್ನೂ ಹೇಳಿದರು. ಟಿ.ವಿ. ಅತ್ತ ತಿರುಗದಿರಲೆಂದು ಅಧ್ಯಕ್ಷ ಜಾನ್ಸನ್ ಅವಸರದಲ್ಲಿ ಪತ್ರಿಕಾಗೋಷ್ಠಿ ಕರೆದರು. ಆದರೆ ರಾತ್ರಿ ದೇಶವೆಲ್ಲ ಆಕೆಯ ಮಾತನ್ನೇ ಕೇಳಿತು. ಸಮಾಧಾನಕ್ಕೆಂದು ಎರಡು ಸ್ಥಾನ ಕೊಡಲು ಬಂದಾಗ ಆಕೆ ಒಪ್ಪಲಿಲ್ಲ. ಮರುವರ್ಷ ಮತದಾನ ಹಕ್ಕಿನ ಕಾಯಿದೆ ಬಂತು.

ಮತ ಸಿಕ್ಕರೂ ಹೊಟ್ಟೆ ತುಂಬಬೇಕಲ್ಲವೇ? ಫ್ಯಾನಿ ಬಡವರಿಗಾಗಿ ಸಹಕಾರಿ ತೋಟ ಕಟ್ಟಿದರು. ಬಡ ಕುಟುಂಬಗಳಿಗೆ ಸಾಕಲು ಹಂದಿಗಳನ್ನು ಕೊಡಿಸಿದರು. 1977ರ ಮಾರ್ಚ್ 14ರಂದು, 59ನೆಯ ವಯಸ್ಸಿನಲ್ಲಿ ತೀರಿಕೊಂಡರು. ರೂಲ್‌ವಿಲ್ ಊರಿನಲ್ಲಿ, ಆ ತೋಟದ ನೆಲದಲ್ಲೇ ಆಕೆಯ ಸಮಾಧಿಯಿದೆ.