ಬಿಲ್ಲು ಹಿಡಿದ ಶಸ್ತ್ರವೈದ್ಯ

ಏಕಲವ್ಯನ ಕಥೆಯನ್ನು ತರಗತಿಯಲ್ಲಿ ಹೇಳುವುದು ನನಗೆ ಎಂದೂ ಸುಲಭವಾಗಿಲ್ಲ. ಹೆಬ್ಬೆರಳಿನ ಪ್ರಸಂಗ ಬಂದೊಡನೆ ಹಿಂದಿನ ಸಾಲಿನಿಂದ ಒಂದಲ್ಲ ಒಂದು ಪ್ರಶ್ನೆ ಏಳುತ್ತದೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿ ಕೇಳಿದ್ದು ಮಾತ್ರ ನಾನು ನಿರೀಕ್ಷಿಸಿದ್ದಲ್ಲ. ಕಾಡಿನವನೇ ಗುರುವಾಗಿ, ನಾಡಿನ ವಿದ್ಯಾವಂತನು ಅವನ ಬಳಿ ಬಿಲ್ವಿದ್ಯೆ ಕಲಿತದ್ದು ಎಲ್ಲಿಯಾದರೂ ಉಂಟೆ, ಉಂಟಾದರೆ ಆ ಶಿಷ್ಯನು ತೆತ್ತ ದಕ್ಷಿಣೆ ಏನು ಎಂದು ಅವನು ಕೇಳಿದ. ಅಷ್ಟರಲ್ಲಿ ಗಂಟೆ ಬಾರಿಸಿತು, ನಾನು ಬದುಕಿಕೊಂಡೆ. ಆದರೆ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು. ಉತ್ತರವನ್ನು ಅರಸುತ್ತ ಹೋದ ನನಗೆ ದೊರೆತದ್ದು ಅಮೆರಿಕದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪನ ಜೀವನ.

ಪೋಪ್ ಹುಟ್ಟಿದ್ದು 1875ರಲ್ಲಿ, ಟೆಕ್ಸಾಸ್ ಪ್ರಾಂತದ ಒಂದು ಸೇನಾ ಠಾಣ್ಯದಲ್ಲಿ. ತಂದೆ ಸೈನ್ಯದ ವೈದ್ಯ. ಮಗನೂ ಅದೇ ವೃತ್ತಿಯನ್ನು ಹಿಡಿದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಪದವಿ ಪಡೆದು, ಕೆಲವು ವರ್ಷ ವಾಟ್ಸನ್‌ವಿಲ್ ಎಂಬ ಸಣ್ಣ ಊರಿನಲ್ಲಿ ವೈದ್ಯನಾಗಿದ್ದ. 1912ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ವೈದ್ಯಶಾಲೆಯಲ್ಲಿ ಶಸ್ತ್ರಚಿಕಿತ್ಸೆಯ ಅಧ್ಯಾಪಕನಾದ. ಆಸ್ಪತ್ರೆಯ ಪಕ್ಕದಲ್ಲಿಯೇ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರ ವಸ್ತುಸಂಗ್ರಹಾಲಯವಿತ್ತು. ಈ ನೆರೆಹೊರೆ ಅವನ ಬಾಳಿನ ದಾರಿಯನ್ನೇ ತಿರುಗಿಸಿತು. ಏಕೆಂದರೆ ಆ ಸಂಗ್ರಹಾಲಯದಲ್ಲಿ ಒಬ್ಬ ಜೀವಂತ ಮನುಷ್ಯನು ವಾಸವಾಗಿದ್ದ.

ಆತನೇ ಇಷಿ. ಯಾನಾ ಜನಾಂಗಕ್ಕೆ ಸೇರಿದ ಯಾಹಿ ಬುಡಕಟ್ಟಿನ ಕೊನೆಯವನು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ದೊರೆತ ಮೇಲೆ ನುಗ್ಗಿದ ಬಿಳಿಯರು ಆ ಬುಡಕಟ್ಟನ್ನು ಬೇಟೆಯಾಡಿ ಮುಗಿಸಿದ್ದರು. ಅಳಿದುಳಿದ ಕೆಲವರು ಡೀರ್ ಕ್ರೀಕ್ ಹೊಳೆಯ ಕಣಿವೆಗಳಲ್ಲಿ ದಶಕಗಟ್ಟಲೆ ಅಡಗಿ ಬಾಳಿದರು. ಅವರೂ ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ, 1911ರ ಆಗಸ್ಟಿನಲ್ಲಿ, ಹಸಿದು ಬಳಲಿದ ಇಷಿ ಓರೊವಿಲ್ ಊರಿನ ಕಸಾಯಿಖಾನೆಯ ಬಳಿ ಕಾಣಿಸಿಕೊಂಡ. ಸತ್ತವರಿಗಾಗಿ ತಲೆಗೂದಲನ್ನು ಸುಟ್ಟು ಮೊಟಕು ಮಾಡಿಕೊಂಡಿದ್ದ. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಇಷಿ ಎಂದರೆ ಅವನ ಭಾಷೆಯಲ್ಲಿ ಮನುಷ್ಯ ಎಂದಷ್ಟೇ ಅರ್ಥ. ಆ ಹೆಸರನ್ನಿಟ್ಟವನು ವಿದ್ವಾಂಸ ಆಲ್ಫ್ರೆಡ್ ಕ್ರೋಬರ್.

ವೈದ್ಯನಾಗಿ ಇಷಿಯ ಬಳಿಗೆ ಬಂದ ಪೋಪ್ ಬೇಗನೆ ಗೆಳೆಯನಾದ. ಕೈಚಳಕದ ಜಾದು ತೋರಿಸುವುದು ಪೋಪನಿಗೆ ಒಲಿದ ಹವ್ಯಾಸ. ಅವನ ಔಷಧಿಗಿಂತ ಈ ಜಾದುವನ್ನೇ ನೋಡಿ ಇಷಿ ಅವನನ್ನು ನಿಜವಾದ ಮಾಂತ್ರಿಕವೈದ್ಯನೆಂದು ಒಪ್ಪಿಕೊಂಡನಂತೆ. ಪ್ರತಿಯಾಗಿ ಇಷಿ ತನ್ನ ವಿದ್ಯೆಯನ್ನು ತೆರೆದಿಟ್ಟ. ಮರವನ್ನು ಆರಿಸಿ ಬಿಲ್ಲು ಮಾಡುವುದು, ಪ್ರಾಣಿಯ ನರದಿಂದ ಅದಕ್ಕೆ ಬಲ ಕೊಡುವುದು, ಗಾಜುಕಲ್ಲನ್ನು ಚಿಪ್ಪುಚಿಪ್ಪಾಗಿ ಎಬ್ಬಿಸಿ ಬಾಣದ ಮೊನೆ ಮಾಡುವುದು, ಜಿಂಕೆಯನ್ನು ಕರೆಯುವ ಸದ್ದು, ಕುಕ್ಕರಗಾಲಿನಲ್ಲಿ ಕುಳಿತು ಎಸೆಯುವ ಭಂಗಿ ಎಲ್ಲವನ್ನೂ ಪೋಪ್ ಅವನಿಂದ ಕಲಿತ. 1914ರಲ್ಲಿ ಇಷಿ ಈ ಶಿಷ್ಯನನ್ನೂ ಅವನ ಮಗನನ್ನೂ ವಿದ್ವಾಂಸರನ್ನೂ ತನ್ನ ಹಳೆಯ ಕಣಿವೆಗೆ ಕರೆದೊಯ್ದ. ತನ್ನವರೆಲ್ಲ ಸತ್ತ ನೆಲಕ್ಕೆ ಅತಿಥಿಗಳನ್ನು ಕರೆದೊಯ್ಯುವ ಗೃಹಸ್ಥನ ಮನಸ್ಸು ಹೇಗಿದ್ದೀತು!

ಒಂದು ವಿವರ ನನ್ನನ್ನು ತಡೆದು ನಿಲ್ಲಿಸಿತು. ಇಷಿ ಹೆದೆಯನ್ನು ಸೆಳೆಯುತ್ತಿದ್ದುದು ಹೆಬ್ಬೆರಳಿನಿಂದ. ಇಂಗ್ಲಿಷರ ಪದ್ಧತಿಯಲ್ಲಿ ಮೂರು ಬೆರಳುಗಳಿಂದ ಸೆಳೆಯುತ್ತಾರೆ. ಪೋಪ್ ಮುಂದೆ ರೂಢಿಸಿಕೊಂಡದ್ದು ಈ ಎರಡನೆಯದನ್ನು. ನಮ್ಮ ಏಕಲವ್ಯನು ಕತ್ತರಿಸಿಕೊಟ್ಟ ಬೆರಳು ಯಾವುದೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ.

1916ರ ಮಾರ್ಚಿನಲ್ಲಿ ಇಷಿ ಕ್ಷಯರೋಗದಿಂದ ತೀರಿಕೊಂಡ. ಚಿಕಿತ್ಸೆ ಮಾಡಿದವನು ಪೋಪ್. ಚಿತೆಗೆ ಏರಿಸುವಾಗ ಬಿಲ್ಲನ್ನೂ ಐದು ಬಾಣಗಳನ್ನೂ ಪಕ್ಕದಲ್ಲಿಟ್ಟರು. ಆದರೆ ಅದಕ್ಕೆ ಮೊದಲೇ ಇನ್ನೊಂದು ಕೆಲಸ ನಡೆದುಹೋಗಿತ್ತು. ಶವವನ್ನು ಕೊಯ್ಯಬಾರದೆಂದು ದೂರದ ನ್ಯೂಯಾರ್ಕಿನಿಂದ ಕ್ರೋಬರ್ ಬರೆದ ಪತ್ರ ತಲುಪುವುದರೊಳಗೆ ವೈದ್ಯರು ಶವಪರೀಕ್ಷೆ ಮುಗಿಸಿ ಮೆದುಳನ್ನು ತೆಗೆದಿರಿಸಿದ್ದರು. ಪೋಪ್ ಅದನ್ನು ತಡೆಯಲಿಲ್ಲ. ಗೆಳೆಯನ ರೋಗಚರಿತ್ರೆಯನ್ನು 1920ರಲ್ಲಿ ಶಾಸ್ತ್ರೀಯವಾಗಿ ಪ್ರಕಟಿಸಿದ. ಅದರ ಪುಟಗಳಲ್ಲಿ ಪ್ರೀತಿಯಿದೆ, ಕತ್ತಿಯೂ ಇದೆ. ಎರಡೂ ಒಂದೇ ಕೈಯವು.

ಗುರುವಿಲ್ಲದ ಮೇಲೆ ಶಿಷ್ಯನ ಬಿಲ್ಲಿನ ಹುಚ್ಚು ತಗ್ಗಲಿಲ್ಲ, ಬೆಳೆಯಿತು. ಇಷಿಯ ಬಿಲ್ಲಿನ ಸೆಳೆತ ಸುಮಾರು 40-45 ಪೌಂಡು. ಪೋಪ್ ಯೂ ಮರದ ಇಂಗ್ಲಿಷ್ ಮಾದರಿಯ ನೀಳಬಿಲ್ಲನ್ನು ಮಾಡಿಕೊಂಡು ಅದನ್ನು 70 ಪೌಂಡಿನಾಚೆಗೆ ಒಯ್ದ. ಕಲ್ಲಿನ ಮೊನೆಯ ಬದಲು ಅಗಲವಾದ ಉಕ್ಕಿನ ಅಲಗನ್ನು ಕೂಡಿಸಿದ. ಆರ್ಥರ್ ಯಂಗ್ ಎಂಬ ಗಟ್ಟಿ ಬಿಲ್ಲುಗಾರ ಜೊತೆಯಾದ. 1920ರಲ್ಲಿ ಇಬ್ಬರೂ ಯೆಲ್ಲೋಸ್ಟೋನ್ ಅರಣ್ಯದಲ್ಲಿ, ಕ್ಯಾಲಿಫೋರ್ನಿಯಾದ ವಿಜ್ಞಾನ ಅಕಾಡೆಮಿಯ ಸಂಗ್ರಹಕ್ಕಾಗಿ, ಗ್ರಿಜ್ಲಿ ಕರಡಿಗಳನ್ನು ಬಾಣದಿಂದ ಕೆಡವಿದರು. 1923ರಲ್ಲಿ ಹೊರಬಂದ ಪೋಪನ ಗ್ರಂಥವು ಬಿಲ್ಲಿನ ಬೇಟೆಗೆ ಅಮೆರಿಕದಲ್ಲಿ ಹೊಸ ಉಸಿರು ಕೊಟ್ಟಿತು. ಅದರ ಮೊದಲ ಭಾಗವೇ ಇಷಿಯ ಕಥೆ.

ಕರಡಿಯಾದ ಮೇಲೆ ಸಿಂಹ. 1925ರಲ್ಲಿ, ಐವತ್ತರ ಹೊಸ್ತಿಲಲ್ಲಿ ನಿಂತ ಪೋಪ್, ಯಂಗ್ ಮತ್ತು ಕಾದಂಬರಿಕಾರ ಸ್ಟೂವರ್ಟ್ ಎಡ್ವರ್ಡ್ ವೈಟ್‌ನೊಡನೆ ಆಫ್ರಿಕಕ್ಕೆ ಹೊರಟ. ಇಂದಿನ ಟಾಂಜಾನಿಯಾ ಆಗ ಬ್ರಿಟಿಷರ ಆಡಳಿತದ ಟ್ಯಾಂಗನೀಕ. ಸಫಾರಿ ಎಂಬುದು ಅಲ್ಲಿನ ಸ್ವಾಹಿಲಿ ಮಾತು. ಅದರ ಬೇರು ಪ್ರಯಾಣವೆಂಬ ಅರ್ಥದ ಅರಬ್ಬಿ ಸಫರ್. ವೈಟ್ ಹಿಂದೆ ಆಫ್ರಿಕದಲ್ಲಿ ಬೇಟೆಯಾಡಿ ಅನುಭವವಿದ್ದವನು. ಬಿಲ್ಲುಗಾರರ ಬೆನ್ನ ಹಿಂದೆ ಕೋವಿ ಹಿಡಿದು ನಿಲ್ಲುವುದು ಅವನ ಪಾಲಿನ ಕೆಲಸ.

ಆ ಕೋವಿ ಏಕೆ ಬೇಕಾಯಿತೆಂಬುದು ಶಸ್ತ್ರವೈದ್ಯನಿಗೆ ಚೆನ್ನಾಗಿ ತಿಳಿದಿತ್ತು. ಭಾರಿ ಕೋವಿಯ ಗುಂಡು ತನ್ನ ಹೊಡೆತದಿಂದಲೇ ಪ್ರಾಣಿಯನ್ನು ಕುಸಿಯುವಂತೆ ಮಾಡಬಲ್ಲದು, ಬಾಣ ಹಾಗಲ್ಲ. ಅದು ರಕ್ತನಾಳಗಳನ್ನು ಕತ್ತರಿಸಿ, ರಕ್ತ ಸೋರಿಸಿ ಕೊಲ್ಲುತ್ತದೆ. ಜಿಂಕೆಯಾದರೆ ಆ ವೇಳೆಯಲ್ಲಿ ಓಡಿಹೋಗಿ ಎಲ್ಲೋ ಬೀಳುತ್ತದೆ. ಸಿಂಹವು ಓಡಿಹೋಗುವುದೆಂಬ ಭರವಸೆಯಿಲ್ಲ. ಬಾಣ ಬಿಟ್ಟವನ ಮೇಲೆಯೇ ಎರಗಬಹುದು. ಸಾಯುವ ಮುನ್ನ ಉಳಿದ ಕೆಲವು ಕ್ಷಣಗಳು ಅದಕ್ಕೆ ಧಾರಾಳವಾಗಿ ಸಾಕು. ಬಾಣ ನಾಟಿದ ಸಿಂಹಗಳಲ್ಲಿ ಕೆಲವನ್ನು ಗುಂಡಿನಿಂದಲೇ ತಡೆಯಬೇಕಾಯಿತು. ಬಾಣದಿಂದ ಸಿಂಹವನ್ನು ಕೊಲ್ಲಬಹುದೆಂಬುದು ಸಿದ್ಧವಾಯಿತು, ನಿಜ. ಕೋವಿಯ ಕಾವಲಿಲ್ಲದೆ ಕೊಲ್ಲಬಹುದೆಂಬುದು ಸಿದ್ಧವಾಗಲಿಲ್ಲ. 1926ರಲ್ಲಿ ಬಂದ ತನ್ನ ಪ್ರವಾಸಗ್ರಂಥದಲ್ಲಿ ಪೋಪ್ ಇದನ್ನು ಮರೆಮಾಚಲಿಲ್ಲ. ಸೋಲನ್ನು ಬರೆದಿಡುವ ಈ ಪ್ರಾಮಾಣಿಕತೆಯನ್ನು ನಾನು ಅವನ ಬೇಟೆಗಳೆಲ್ಲಕ್ಕಿಂತ ಮೇಲೆಣಿಸುತ್ತೇನೆ.

ಇದು ಬಿಲ್ಲಿನ ಮೊದಲ ಸಫಾರಿಗಳಲ್ಲೊಂದೆಂದು ಬೇಟೆಗಾರರು ಹೆಮ್ಮೆಪಡುವುದುಂಟು. ಹೊರಗಿನಿಂದ ಬಂದವರಿಗೆ ಅದು ಮೊದಲನೆಯದಾಗಿರಬಹುದು. ಅದೇ ಟ್ಯಾಂಗನೀಕದ ಏಯಾಸಿ ಸರೋವರದ ಸುತ್ತ ಹಡ್ಜಾ ಜನರು ತಲೆತಲಾಂತರದಿಂದ ಬಿಲ್ಲಿನಿಂದಲೇ ಬೇಟೆಯಾಡಿ ಬದುಕುತ್ತ ಬಂದಿದ್ದಾರೆ. ಪೋಪನಿಗೆ ಅದು ಪರೀಕ್ಷೆ, ಅವರಿಗೆ ಅದು ಊಟ.

ಮರುವರ್ಷವೇ, 1926ರ ಆಗಸ್ಟಿನಲ್ಲಿ, ನ್ಯುಮೋನಿಯಾ ಪೋಪನನ್ನು ಒಯ್ದಿತು. ವಯಸ್ಸು ಐವತ್ತು. ಎಲುಬು ಮುರಿಯುವ ಕರಡಿಯ ಮುಂದೆಯೂ ಸಿಂಹದ ಮುಂದೆಯೂ ನಿಂತು ಬಂದವನನ್ನು, ಇಷಿಯನ್ನು ಕೊಂದಂತೆಯೇ, ಶ್ವಾಸಕೋಶದ ರೋಗ ಕೊಂದಿತು. 1961ರಲ್ಲಿ ಅಮೆರಿಕದ ಬಿಲ್ಲುಬೇಟೆಗಾರರು ಸ್ಥಾಪಿಸಿದ ಸಂಘಕ್ಕೆ ಪೋಪ್ ಮತ್ತು ಯಂಗ್ ಎಂಬ ಹೆಸರಾಯಿತು. ಇಷಿಯ ಹೆಸರು ಅದರಲ್ಲಿಲ್ಲ. ಇಷಿಯ ಮೆದುಳನ್ನು 1917ರಲ್ಲಿ ಕ್ರೋಬರನೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳುಹಿಸಿದ್ದ. ಅದು ಅವನ ಬಳಗಕ್ಕೆ ಸೇರಿದ ಜನರ ಕೈಗೆ ಮರಳಿದ್ದು 2000ದಲ್ಲಿ, ಅವನು ಸತ್ತ ಎಂಬತ್ತನಾಲ್ಕು ವರ್ಷಗಳ ಮೇಲೆ.

ಹಾಗಾದರೆ ಶಿಷ್ಯನು ಕೊಟ್ಟ ದಕ್ಷಿಣೆ ಯಾವುದು? ಒಂದು ಕಡೆಯಿಂದ ನೋಡಿದರೆ, ಅವನು ಗುರುವನ್ನು ಲೋಕ ಮರೆಯದಂತೆ ಮಾಡಿದ. ಅಳಿದುಹೋಗಬೇಕಿದ್ದ ವಿದ್ಯೆಯನ್ನು ಅಳತೆ, ವಿವರಗಳೊಡನೆ ಬರೆದಿಟ್ಟ. ಇನ್ನೊಂದು ಕಡೆಯಿಂದ ನೋಡಿದರೆ, ಇಲ್ಲಿಯೂ ಕೊಯ್ದು ಕೊಟ್ಟವನು ಕಾಡಿನವನೇ. ಕೇಳದೆಯೇ ಕೊಯ್ದುಕೊಂಡದ್ದು ಮಾತ್ರ ಹೆಚ್ಚಿನ ಮಾತು. ದ್ರೋಣನಾದರೂ ಬಾಯಿಬಿಟ್ಟು ಕೇಳಿದ್ದ.

ಆ ವಿದ್ಯಾರ್ಥಿಗೆ ನಾನು ಈ ಕಥೆಯನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಇಷಿಯ ನಿಜವಾದ ಹೆಸರು ಏನೆಂದು ಕೇಳಿದ. ಅದನ್ನು ಅವನು ಯಾರಿಗೂ ಕೊಡಲಿಲ್ಲವೆಂದೆ. ಅಷ್ಟಾದರೂ ಅವನಲ್ಲೇ ಉಳಿಯಿತಲ್ಲ ಎಂದು ಹುಡುಗನಿಗೆ ಸಮಾಧಾನವಾದಂತೆ ಕಂಡಿತು.