ಬಂದ ದಿನದ ಹಬ್ಬ

ಏಮಿ ಕಾರ್ಮೈಕೇಲ್ ಅವರು ಐರ್ಲೆಂಡಿನಲ್ಲಿ 1867ರ ಡಿಸೆಂಬರ್ 16ರಂದು ಜನಿಸಿದರು. 1895ರಲ್ಲಿ ಕ್ರೈಸ್ತ ಧರ್ಮಪ್ರಚಾರಕ್ಕೆಂದು ಬೆಂಗಳೂರಿಗೆ ಬಂದ ಅವರು, ಮುಂದೆ ಮದರಾಸು ಪ್ರಾಂತದ ತಿರುನೆಲ್ವೇಲಿ ಸೀಮೆಗೆ ತೆರಳಿ ಡೋನಾವೂರಿನಲ್ಲಿ ನೆಲೆಸಿದರು. 1901ರಲ್ಲಿ, ದೇವದಾಸಿಯಾಗಬೇಕಾಗಿದ್ದ ಸುಮಾರು ಏಳು ವರ್ಷದ ಪ್ರೀನಾ ಎಂಬ ಬಾಲೆ ತಪ್ಪಿಸಿಕೊಂಡು ಬಂದು ಅವರ ಆಶ್ರಯ ಪಡೆದಳು. ಅವಳ ತರುವಾಯ ನೂರಾರು ಮಕ್ಕಳು ಆ ಮಡಿಲನ್ನು ಸೇರಿದರು. 1918ರಿಂದ ಗಂಡುಮಕ್ಕಳಿಗೂ ಅಲ್ಲಿ ಆಸರೆ ದೊರೆಯಿತು.

ಅವರಲ್ಲಿ ಅನೇಕರ ಜನ್ಮದಿನವನ್ನು ಬಲ್ಲವರೇ ಇರಲಿಲ್ಲ. ಆದುದರಿಂದ ಮಗು ಮನೆಗೆ ಬಂದ ದಿನವನ್ನೇ ವರ್ಷವರ್ಷವೂ ಹಬ್ಬವಾಗಿ ಆಚರಿಸುವ ಪದ್ಧತಿ ಡೋನಾವೂರಿನಲ್ಲಿ ಬೆಳೆಯಿತು. ಹುಟ್ಟಿದ ತಿಥಿ ಊಹೆಯಾಗಬಹುದು. ಬಂದ ದಿನವಾದರೋ ಎಲ್ಲರೂ ಕಂಡ ಸತ್ಯ. ವಯಸ್ಸಿನ ಲೆಕ್ಕ ಸಿಗದ ಮಗುವಿಗೆ, ತಾನು ಬೇಕಾದವಳೆಂಬ ಭರವಸೆ ಆ ದಿನದಿಂದ ದೊರೆಯುತ್ತಿತ್ತು.

1931ರಲ್ಲಿ ಬಿದ್ದು ಪೆಟ್ಟಾದ ಮೇಲೆ ಏಮಿಯವರ ಬಾಳು ಬಹುಮಟ್ಟಿಗೆ ಹಾಸಿಗೆಯಲ್ಲೇ ಕಳೆಯಿತು. ಭಾರತಕ್ಕೆ ಬಂದ ಮೇಲೆ ಒಮ್ಮೆಯೂ ಸ್ವದೇಶಕ್ಕೆ ಮರಳದ ಅವರು 1951ರ ಜನವರಿ 18ರಂದು ಡೋನಾವೂರಿನಲ್ಲಿಯೇ ಕಾಲವಾದರು. ಸಮಾಧಿಗೆ ಕಲ್ಲು ನಿಲ್ಲಿಸಬಾರದೆಂಬುದು ಅವರ ಇಚ್ಛೆಯಾಗಿತ್ತು. ಅಲ್ಲಿ ಹಕ್ಕಿಗಳು ಮೀಯುವ ನೀರಿನ ತೊಟ್ಟಿಯೊಂದನ್ನಿರಿಸಿ, ಅದರ ಮೇಲೆ ಅಮ್ಮೈ ಎಂಬ ಒಂದೇ ಪದವನ್ನು ಕೆತ್ತಲಾಯಿತು. ಪರರ ಮಕ್ಕಳನ್ನು ಸಲಹುವ ಯಾವ ಸಂಸ್ಥೆಗಾದರೂ ಆ ಪದಕ್ಕಿಂತ ಹಿರಿದಾದ ಬಿರುದಿಲ್ಲ.