ಏರುವ ಪಾಠ, ಇಳಿಯುವ ಪಾಠ: ವೈಮಾನಿಕ ಜೆ.ಆರ್.ಡಿ. ಟಾಟಾ



ನಮ್ಮ ವ್ಯಕ್ತಿ ಪರಿಚಯದಲ್ಲಿ ಸಾಮಾನ್ಯವಾಗಿ ಕವಿಗಳು, ಶಾಲೆ ಕಟ್ಟಿದವರು, ಏಕೀಕರಣಕ್ಕೆ ದುಡಿದವರು ಬರುತ್ತಾರೆ. ಈ ಬಾರಿ ಕನ್ನಡದವರಲ್ಲದ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಜೆ.ಆರ್.ಡಿ. ಟಾಟಾ ಎಂದರೆ ದೊಡ್ಡ ಉದ್ಯಮಿ ಎಂದು ಎಲ್ಲರಿಗೂ ಗೊತ್ತು. ಆದರೆ ಅವರು ಮೊದಲು ಪೈಲಟ್. 1932ರ ಅಕ್ಟೋಬರ್ 15ರಂದು ಅವರು ಆರಂಭಿಸಿದ ಅಂಚೆ ವಿಮಾನ ಕರಾಚಿಯಿಂದ ಮದ್ರಾಸಿಗೆ ಹೋಗುವ ದಾರಿಯಲ್ಲಿ ನಮ್ಮ ಬಳ್ಳಾರಿಯಲ್ಲಿ ಇಳಿಯಿತು. ಆಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳೆಲ್ಲ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಆಂಧ್ರ ರಾಜ್ಯವಾಗಿ ಅವು ಬೇರೆಯಾದದ್ದು 1953ರಲ್ಲಿ. ಹಾಗಾಗಿ ಆ ಭಾಗದ ನಮ್ಮ ಸದಸ್ಯರ ಹಿರಿಯರ ಪಾಲಿಗೆ ಆ ವಿಮಾನ ಬಂದದ್ದು ತಮ್ಮದೇ ಜಿಲ್ಲಾ ಕೇಂದ್ರಕ್ಕೆ.

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಪಾರ್ಸಿ, ತಾಯಿ ಫ್ರೆಂಚ್. ಬಾಲ್ಯದಲ್ಲಿ ಆಡಿದ ಭಾಷೆ ಹೆಚ್ಚಾಗಿ ಫ್ರೆಂಚೇ. ಬೇಸಿಗೆ ರಜೆಗೆ ಕುಟುಂಬ ಹೋಗುತ್ತಿದ್ದುದು ಉತ್ತರ ಫ್ರಾನ್ಸಿನ ಕಡಲ ತಡಿಯ ಹಾರ್ಡೆಲೋ ಎಂಬ ಊರಿಗೆ. ಅಲ್ಲಿ ನೆರೆಯಲ್ಲಿದ್ದವರು ಲೂಯಿ ಬ್ಲೇರಿಯೋ. 1909ರಲ್ಲಿ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊದಲು ದಾಟಿದವರು ಅವರೇ. ಆ ಕಡಲ ದಂಡೆಯ ಮರಳಿನ ಮೇಲೆ ವಿಮಾನಗಳು ಇಳಿಯುವುದನ್ನು ಹುಡುಗ ಕಣ್ಣರಳಿಸಿ ನೋಡಿದ. ಹದಿನೈದನೆಯ ವಯಸ್ಸಿನಲ್ಲಿ ಅಲ್ಲಿಯೇ ಒಂದು ಪುಟ್ಟ ವಿಮಾನದಲ್ಲಿ ಸುತ್ತು ಹಾಕುವ ಅವಕಾಶವೂ ಸಿಕ್ಕಿತು. ಪೈಲಟ್ ಆಗಬೇಕೆಂಬ ಆಸೆ ಅಲ್ಲಿ ಬೇರೂರಿತು. ಅದು ಕೈಗೂಡಲು ಮತ್ತೆ ಸುಮಾರು ಹತ್ತು ವರ್ಷ ಕಾಯಬೇಕಾಯಿತು.

1925ರಲ್ಲಿ ಅವರು ಟಾಟಾ ಸಂಸ್ಥೆಯ ಕೆಲಸಕ್ಕೆಂದು ಭಾರತಕ್ಕೆ ಬಂದರು. ಮರುವರ್ಷವೇ ತಂದೆ ತೀರಿಕೊಂಡರು. ಇಪ್ಪತ್ತೆರಡರ ತರುಣನ ಹೆಗಲಿಗೆ ಮನೆಯ ಜವಾಬ್ದಾರಿ ಬಂತು. ಇಷ್ಟರಲ್ಲಿ ಮುಂಬಯಿಯ ಜುಹೂ ಬಯಲಿನಲ್ಲಿ ಫ್ಲೈಯಿಂಗ್ ಕ್ಲಬ್ ಶುರುವಾಯಿತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಜೆ.ಆರ್.ಡಿ. ಹೋಗಿ ಹೆಸರು ಬರೆಸಿದರು.

ಆ ಕಾಲದ ಇಂಥ ಕ್ಲಬ್‌ಗಳಲ್ಲಿ ಕಲಿಕೆಗೆ ಬಳಕೆಯಲ್ಲಿದ್ದದ್ದು ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್ ಕಂಪನಿಯ ಮಾಥ್ ವಿಮಾನ. ಮಾಥ್ ಎಂದರೆ ದೀಪಕ್ಕೆ ಮುತ್ತುವ ಪತಂಗ. ಹೆಸರಿಗೆ ತಕ್ಕಂತೆ ಹಗುರವಾದ ಯಂತ್ರ. ಮರದ ಚೌಕಟ್ಟು, ಮೇಲೆ ಬಿಗಿದ ಬಟ್ಟೆ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಹಿಂದೆ ಮುಂದೆ ಎರಡು ತೆರೆದ ಆಸನ. ಮುಂದೆ ಗುರು, ಹಿಂದೆ ಶಿಷ್ಯ. ಇಬ್ಬರ ನಡುವೆ ಮಾತಿಗೆ ಒಂದು ಕೊಳವೆ. ಬ್ರೇಕ್ ಇರಲಿಲ್ಲ, ರೇಡಿಯೋ ಇರಲಿಲ್ಲ. ಪ್ರೊಪೆಲ್ಲರನ್ನು ಒಬ್ಬರು ಕೈಯಿಂದ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು.

ಈ ವಿಮಾನವನ್ನು ಏರಿಸುವುದು, ಇಳಿಸುವುದು ಹೇಗಿತ್ತೆಂದು ಸ್ವಲ್ಪ ತಿಳಿದರೆ ಅವರ ಮುಂದಿನ ಬದುಕೂ ಅರ್ಥವಾಗುತ್ತದೆ. ಮೊದಲ ಪಾಠ ಗಾಳಿಯದು. ಕಣದಲ್ಲಿ ರಾಶಿ ತೂರುವ ರೈತರು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ನೋಡುತ್ತಾರೆ. ಪೈಲಟ್ ಕೂಡ ಹಾಗೆಯೇ. ರಾಶಿ ತೂರುವಾಗ ಗಾಳಿ ಹೋದತ್ತ ಹೊಟ್ಟು ಹಾರಬೇಕು, ವಿಮಾನವೋ ಗಾಳಿಗೆ ಎದುರಾಗಿ ಓಡಬೇಕು. ಎದುರುಗಾಳಿ ರೆಕ್ಕೆಯ ಮೇಲೆ ಹರಿದಷ್ಟೂ ಎತ್ತುವ ಬಲ ಬೇಗ ಸಿಗುತ್ತದೆ, ಕಡಿಮೆ ಓಟದಲ್ಲಿ ನೆಲ ಬಿಡಬಹುದು. ಇಳಿಯುವಾಗಲೂ ಎದುರುಗಾಳಿಯೇ ಬೇಕು, ಆಗ ನೆಲ ಮುಟ್ಟುವ ವೇಗ ತಗ್ಗುತ್ತದೆ.

ಮಾಥ್ ನಿಂತಾಗ ಮೂಗು ಮೇಲೆ, ಬಾಲ ನೆಲಕ್ಕೆ. ಹಿಂದಿನ ಆಸನದಲ್ಲಿ ಕುಳಿತ ಶಿಷ್ಯನಿಗೆ ಎದುರಿನ ದಾರಿ ಕಾಣುವುದಿಲ್ಲ. ಥ್ರಾಟಲ್ ಪೂರ್ತಿ ಕೊಟ್ಟು ಓಡಿಸಿದಂತೆ ಬಾಲ ಮೇಲೇಳುತ್ತದೆ, ಆಗ ಮುಂದಿನದು ಕಾಣುತ್ತದೆ. ಅಷ್ಟರಲ್ಲಿ ವಿಮಾನ ಒಂದು ಪಕ್ಕಕ್ಕೆ ಎಳೆಯತೊಡಗುತ್ತದೆ. ಕಾಲಿನಿಂದ ರಡರ್ ಒತ್ತಿ ನೇರ ಹಿಡಿಯಬೇಕು. ವೇಗ ಸಾಕಷ್ಟಾದ ಮೇಲೆ ಹಿಡಿಕೋಲನ್ನು ಮೆಲ್ಲಗೆ ಹಿಂದಕ್ಕೆ ತಂದರೆ ಸಾಕು, ವಿಮಾನ ಏರುತ್ತದೆ. ಅವಸರಪಟ್ಟು ಎಳೆದರೆ ಮೂಗೆತ್ತಿ ಬಲ ಕಳೆದುಕೊಂಡು ಮತ್ತೆ ನೆಲಕ್ಕೆ ಕುಸಿಯುತ್ತದೆ.

ಏರುವುದನ್ನು ಕಲಿಯಲು ಹೆಚ್ಚು ದಿನ ಬೇಕಿಲ್ಲ. ಕಷ್ಟ ಇರುವುದು ಇಳಿಯುವುದರಲ್ಲಿ. ಬಯಲಿನ ಅಂಚನ್ನು ಎಷ್ಟು ಎತ್ತರದಲ್ಲಿ ದಾಟಬೇಕು, ಎಂಜಿನ್ ಶಕ್ತಿ ಎಲ್ಲಿ ತಗ್ಗಿಸಬೇಕು ಎಂಬ ಅಂದಾಜು ಕಣ್ಣಿಗೇ ಬರಬೇಕು. ಎತ್ತರ ಹೆಚ್ಚಾಯಿತೆಂದು ಮೂಗು ತಗ್ಗಿಸಿದರೆ ವೇಗ ಏರಿ ಬಯಲು ಸಾಲದಾಗುತ್ತದೆ. ಅದಕ್ಕಾಗಿ ವಿಮಾನವನ್ನು ಓರೆ ಮಾಡಿ ಪಕ್ಕಕ್ಕೆ ಜಾರಿಸಿ ಎತ್ತರ ಕಳೆಯುವ ಉಪಾಯ ಕಲಿಸುತ್ತಿದ್ದರು. ನೆಲ ಹತ್ತಿರವಾದಾಗ ಇಳಿತ ನಿಲ್ಲಿಸಿ ನೆಲಕ್ಕೆ ಸಮವಾಗಿ ತೇಲಬೇಕು. ವೇಗ ಕರಗಿದಂತೆ ಹಿಡಿಕೋಲನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ತರುತ್ತಾ, ನೆಲ ಮುಟ್ಟಲು ಬಿಡದೆ ಹಿಡಿದಿರಬೇಕು. ಕೊನೆಗೆ ರೆಕ್ಕೆ ತಾನಾಗಿ ಸೋತಾಗ ಎರಡು ಚಕ್ರವೂ ಬಾಲವೂ ಒಟ್ಟಿಗೆ ನೆಲ ಸೇರಬೇಕು. ಗದ್ದೆಗಿಳಿಯುವ ಕೊಕ್ಕರೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಬೇಗ ಮುಟ್ಟಿದರೆ ವಿಮಾನ ಚೆಂಡಿನಂತೆ ಪುಟಿಯುತ್ತದೆ, ತಡ ಮಾಡಿದರೆ ಮೇಲಿಂದ ದೊಪ್ಪೆಂದು ಬೀಳುತ್ತದೆ. ಮುಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬ್ರೇಕ್ ಇಲ್ಲದ ವಿಮಾನ ಪೂರ್ತಿ ನಿಲ್ಲುವವರೆಗೆ ಕಾಲು ರಡರ್ ಬಿಡುವಂತಿಲ್ಲ.

ಇದನ್ನೆಲ್ಲ ಜೆ.ಆರ್.ಡಿ. ಕೆಲವೇ ಗಂಟೆಗಳ ಪಾಠದಲ್ಲಿ ಕಲಿತು ಒಬ್ಬರೇ ಹಾರಿ ಇಳಿದರು. ಒಂಟಿ ಹಾರಾಟದಲ್ಲಿ ಮುಂದಿನ ಆಸನ ಖಾಲಿ. ಏರಿದವರು ತಾವೇ ಇಳಿಸಬೇಕು, ತಪ್ಪಿದರೆ ತಿದ್ದುವವರು ಯಾರೂ ಇಲ್ಲ. 1929ರ ಫೆಬ್ರವರಿ 10ರಂದು ಅವರಿಗೆ ಪೈಲಟ್ ಪರವಾನಗಿ ಸಿಕ್ಕಿತು. ಭಾರತ ಮತ್ತು ಬರ್ಮಾದ ಏರೋ ಕ್ಲಬ್ ಕೊಟ್ಟ ಆ ಪತ್ರದ ಸಂಖ್ಯೆ 1. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

ಮರುವರ್ಷ ಒಂದು ಸ್ಪರ್ಧೆ ಬಂತು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನವೆಂದು ಆಗಾ ಖಾನ್ ಸಾರಿದ್ದರು. ಮೂವರು ಹೊರಟರು: ಮನಮೋಹನ್ ಸಿಂಗ್, ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್, ಮತ್ತು ಜೆ.ಆರ್.ಡಿ. ಆಸ್ಪಿ ಇಂಗ್ಲೆಂಡಿನಿಂದ ಈ ಕಡೆಗೆ, ಜೆ.ಆರ್.ಡಿ. 1930ರ ಮೇ ತಿಂಗಳಲ್ಲಿ ಕರಾಚಿಯಿಂದ ಆ ಕಡೆಗೆ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಭೇಟಿಯಾದರು. ಆಸ್ಪಿ ಅಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತುಬಿಟ್ಟಿದ್ದರು. ಪ್ರತಿಸ್ಪರ್ಧಿಯನ್ನು ಅಲ್ಲೇ ಬಿಟ್ಟು ಮುಂದೆ ಹೋಗಿದ್ದರೆ ಕೇಳುವವರಿರಲಿಲ್ಲ. ಜೆ.ಆರ್.ಡಿ. ತಮ್ಮ ಬಳಿಯ ಹೆಚ್ಚುವರಿ ಪ್ಲಗ್‌ಗಳನ್ನು ಕೊಟ್ಟರು. ಆಸ್ಪಿ ಕರಾಚಿ ಮುಟ್ಟಿ ಬಹುಮಾನ ಗೆದ್ದರು, ಜೆ.ಆರ್.ಡಿ. ಅಲ್ಪ ಅಂತರದಲ್ಲಿ ಸೋತರು. ಅದೇ ಆಸ್ಪಿ ಎಂಜಿನಿಯರ್ ಮುಂದೆ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಆ ಹೊತ್ತಿಗೆ ಬ್ರಿಟಿಷ್ ವಾಯುಪಡೆಯಲ್ಲಿದ್ದು ಬಂದ ನೆವಿಲ್ ವಿನ್ಸೆಂಟ್ ಎಂಬವರು ಒಂದು ಯೋಜನೆ ಹಿಡಿದು ಟಾಟಾ ಕಚೇರಿಗೆ ಬಂದಿದ್ದರು. ಲಂಡನ್ನಿನ ಅಂಚೆ ವಿಮಾನದಲ್ಲಿ ಕರಾಚಿಯವರೆಗೆ ಬರುತ್ತಿತ್ತು, ಅಲ್ಲಿಂದ ದಕ್ಷಿಣಕ್ಕೆ ರೈಲು. ಆ ಅಂಚೆಯನ್ನು ಮುಂಬಯಿ, ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ವಿಮಾನದಲ್ಲೇ ಒಯ್ಯಬಾರದೇಕೆ? ಜೆ.ಆರ್.ಡಿ. ಕೂಡಲೇ ಒಪ್ಪಿದರು. ಸರ್ಕಾರದ ಒಪ್ಪಿಗೆಗೆ ವರ್ಷಗಳೇ ಹಿಡಿದವು. ಸಹಾಯಧನವೂ ಸಿಗಲಿಲ್ಲ. ಕೊನೆಗೆ ಸುಮಾರು 2 ಲಕ್ಷ ರೂಪಾಯಿ ಬಂಡವಾಳದಲ್ಲಿ ಪುಟ್ಟ ವಿಮಾನಗಳೊಂದಿಗೆ ಸೇವೆ ಶುರುವಾಯಿತು.

1932ರ ಅಕ್ಟೋಬರ್ 15ರ ಬೆಳಗ್ಗೆ ಜೆ.ಆರ್.ಡಿ. ಅಂಚೆ ಚೀಲಗಳೊಂದಿಗೆ ಪುಸ್ ಮಾಥ್ ವಿಮಾನದಲ್ಲಿ ಕರಾಚಿಯಿಂದ ಒಬ್ಬರೇ ಹೊರಟರು. ಇದಕ್ಕೆ ರೆಕ್ಕೆ ಒಂದೇ ಜೊತೆ, ಆಸನಕ್ಕೆ ಮುಚ್ಚಿದ ಕೋಣೆ. ಚಕ್ರದ ಕಂಬಗಳ ಹೊದಿಕೆಯನ್ನು ಅಡ್ಡಕ್ಕೆ ತಿರುಗಿಸಿ ಗಾಳಿಗೆ ತಡೆ ಒಡ್ಡಿದರೆ ಇಳಿಯುವಾಗ ವೇಗ ತಗ್ಗುತ್ತಿತ್ತು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನದ ಹೊತ್ತಿಗೆ ಅವರು ಜುಹೂ ಮುಟ್ಟಿದರು. ಜುಹೂ ಎಂದರೆ ಕಡಲ ಪಕ್ಕದ ಕೆಸರು ಬಯಲು. ಮಳೆಗಾಲದಲ್ಲಿ ಅಲ್ಲಿ ಇಳಿಯಲಾಗದೆ ಸೇವೆಯನ್ನು ಪುಣೆಗೆ ಒಯ್ಯಬೇಕಾಗುತ್ತಿತ್ತು.

ಜುಹೂವಿನಿಂದ ಅಂಚೆಯನ್ನು ವಿನ್ಸೆಂಟ್ ಮುಂದಕ್ಕೆ ಒಯ್ದರು. ಮುಂಬಯಿಯಿಂದ ಬಳ್ಳಾರಿಗೆ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು ನೋಡಿ. ಸುಮಾರು 600 ಕಿಲೋಮೀಟರಿನ ಆ ಗೆರೆ ಸಹ್ಯಾದ್ರಿ ದಾಟಿ, ಜತ್ತಕ್ಕೂ ಅಥಣಿಗೂ ನಡುವೆ ಹಾದು, ಕೃಷ್ಣೆ, ತುಂಗಭದ್ರೆಯರನ್ನು ದಾಟಿ ಬಳ್ಳಾರಿ ಸೇರುತ್ತದೆ. ದಾರಿ ತೋರಲು ರೇಡಿಯೋ ಇಲ್ಲ. ಕೆಳಗಿನ ನದಿ, ರೈಲು ಹಳಿ, ಗುಡ್ಡಗಳೇ ಗುರುತು. ಬಳ್ಳಾರಿಯ ಕೋಟೆಗುಡ್ಡ ಬಯಲುಸೀಮೆಯಲ್ಲಿ ಎಷ್ಟು ದೂರಕ್ಕೆ ಕಾಣುತ್ತದೆಂದು ನಮ್ಮವರಿಗೆ ಹೇಳಬೇಕಿಲ್ಲ. ಕತ್ತಲಲ್ಲಿ ಇಳಿಯುವ ವ್ಯವಸ್ಥೆ ಎಲ್ಲೂ ಇರಲಿಲ್ಲ. ಆದ್ದರಿಂದ ವಿನ್ಸೆಂಟ್ ಆ ರಾತ್ರಿ ಬಳ್ಳಾರಿಯಲ್ಲೇ ತಂಗಿ ಮರುದಿನ ಮದ್ರಾಸ್ ತಲುಪಿದರು. ಜೆ.ಆರ್.ಡಿ.ಯವರ ಈ ಗೆಳೆಯ 1942ರಲ್ಲಿ ಯುದ್ಧಕಾಲದ ವಿಮಾನ ಪ್ರಯಾಣದಲ್ಲೇ ತೀರಿಕೊಂಡರು.

ಮೊದಲ ವರ್ಷದಲ್ಲಿ ಈ ಸೇವೆ 1,60,000 ಮೈಲಿ ಹಾರಿತು, 155 ಪ್ರಯಾಣಿಕರನ್ನೂ ಒಯ್ದಿತು. ಅದಕ್ಕಿಂತ ದೊಡ್ಡ ಸಂಗತಿ, ವರ್ಷವಿಡೀ ಅಂಚೆ ನೂರಕ್ಕೆ ನೂರು ವೇಳೆಗೆ ಸರಿಯಾಗಿ ತಲುಪಿತು. ಈ ಲೆಕ್ಕವನ್ನು ನಾವು ಬೇಕೆಂದೇ ಎತ್ತಿ ಹೇಳುತ್ತಿದ್ದೇವೆ. ಹೇಳಿದ ಹೊತ್ತಿಗೆ, ಹೇಳಿದ ಕಡೆ, ಚೀಲ ಹರಿಯದೆ ಕೆಳಗಿಳಿಸುವುದೇ ಅಂಚೆ ಪೈಲಟ್ಟಿನ ಕೆಲಸ. ಅವನ ಸಾಹಸವನ್ನು ಅಳೆಯಬೇಕಾದದ್ದು ಎಷ್ಟು ಎತ್ತರ ಹಾರಿದನೆಂಬುದರಿಂದಲ್ಲ, ಎಷ್ಟು ಸಲ ಸುರಕ್ಷಿತವಾಗಿ ಇಳಿದನೆಂಬುದರಿಂದ.

ಈ ಶಿಸ್ತನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1938ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಟಾಟಾ ಸಮೂಹದ ಅಧ್ಯಕ್ಷರಾದರು. ಅಂಚೆ ಸೇವೆ ಬೆಳೆದು 1946ರಲ್ಲಿ ಏರ್ ಇಂಡಿಯಾ ಆಯಿತು, 1948ರ ಜೂನ್‌ನಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹಾರಿತು. 1953ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಿದಾಗ ಅವರಿಗೆ ಮನಸ್ಸಿರಲಿಲ್ಲ. ಆದರೂ ಅಧ್ಯಕ್ಷ ಸ್ಥಾನ ಒಪ್ಪಿಕೊಂಡು ಇಪ್ಪತ್ತೈದು ವರ್ಷ ದುಡಿದರು. ಕೌಂಟರಿನ ಮೇಲೆ ಧೂಳು ಕಂಡರೆ ತಾವೇ ಒರೆಸುವಷ್ಟು ಸಣ್ಣ ಸಂಗತಿಗಳನ್ನೂ ಗಮನಿಸುತ್ತಿದ್ದರು. 1978ರಲ್ಲಿ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆದುಹಾಕಿತು. ತಾವೇ ನೆಟ್ಟ ಮರದ ನೆರಳಿನಿಂದ ಎಬ್ಬಿಸಿದಂತಹ ನೋವು ಅದು. ಅದಕ್ಕಾಗಿ ಅವರು ಹಾರಾಟ ಬಿಡಲಿಲ್ಲ.

1982ರ ಅಕ್ಟೋಬರ್ 15ಕ್ಕೆ ಮೊದಲ ಅಂಚೆ ಹಾರಾಟಕ್ಕೆ ಐವತ್ತು ವರ್ಷ ತುಂಬಿತು. ಆ ದಿನ ಎಪ್ಪತ್ತೆಂಟರ ಜೆ.ಆರ್.ಡಿ. ಹಳೆಯ ಲೆಪರ್ಡ್ ಮಾಥ್ ವಿಮಾನವನ್ನು ಕರಾಚಿಯಿಂದ ಹಾರಿಸಿಕೊಂಡು ಬಂದು ಜುಹೂವಿನಲ್ಲಿ ಇಳಿಸಿದರು. ಕರಾಚಿ ಅಷ್ಟರಲ್ಲಿ ಪರದೇಶವಾಗಿತ್ತು. ಬಳ್ಳಾರಿ, ಆದವಾನಿಗಳ ನಡುವೆ ರಾಜ್ಯದ ಗಡಿ ಎದ್ದಿತ್ತು. ಎದುರುಗಾಳಿ ನೋಡಿ, ವೇಗ ಕರಗಿಸಿ, ಮೆಲ್ಲಗೆ ನೆಲ ಮುಟ್ಟುವ ವಿದ್ಯೆ ಮಾತ್ರ 1929ರದೇ.

1992ರಲ್ಲಿ ಅವರಿಗೆ ಭಾರತ ರತ್ನ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. ಹುಟ್ಟಿದ ಪ್ಯಾರಿಸ್‌ನಲ್ಲೇ ಅವರ ಸಮಾಧಿ ಇದೆ.

ನಮ್ಮ ಗಡಿ ಊರುಗಳ ಮಕ್ಕಳು ಇಂದು ಓದಿಗೆ, ಉದ್ಯೋಗಕ್ಕೆ ದೂರ ದೂರ ಹಾರುತ್ತಿದ್ದಾರೆ. ಹಾರಲಿ. ಇಳಿಯುವ ಊರು, ಆಡುವ ಭಾಷೆ ನೆನಪಿನಲ್ಲಿದ್ದರೆ ಸಾಕು. ಕೊನೆಯದಾಗಿ ಒಂದು ಕೋರಿಕೆ. ಆದವಾನಿ, ಆಲೂರು, ರಾಯದುರ್ಗ ಕಡೆಯ ಸದಸ್ಯರ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ 1930ರ ದಶಕದ ವಿಮಾನ ಅಂಚೆಯ ಲಕೋಟೆ ಇದ್ದರೆ, ಅಥವಾ ಬಳ್ಳಾರಿಗೆ ವಿಮಾನ ನೋಡಲು ಹೋದ ಕಥೆಯನ್ನು ಅಜ್ಜ ಅಜ್ಜಿ ಹೇಳಿದ್ದು ನೆನಪಿದ್ದರೆ, ಬರೆದು ಕಳುಹಿಸಿ. ಅವನ್ನು ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.